8 ತಿಂಗಳಲ್ಲಿ 2,700 ಕಿ.ಮೀ. ರಸ್ತೆ, ನಿಜವೇ? ಅಲಾಸ್ಕ ಹೆದ್ದಾರಿ ಬಗ್ಗೆ ಒಂದು ಚರ್ಚೆ

ಚಳಿಗಾಳಿ (ಎಡ್ಮಂಟನ್):

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು. "1942ರಲ್ಲಿ ಅಮೆರಿಕದವರು ಹಿಮ, ಕಾಡು, ಬೆಟ್ಟ ಲೆಕ್ಕಿಸದೆ 2,700 ಕಿ.ಮೀ. ಹೆದ್ದಾರಿಯನ್ನು 8 ತಿಂಗಳಲ್ಲಿ ಮುಗಿಸಿದರು. ನಮ್ಮಲ್ಲಿ 8 ಕಿ.ಮೀ.ಗೆ 8 ವರ್ಷ!" ಕೆಳಗೆ ಕೈಮುಗಿಯುವ ಚಿತ್ರ ನಾಲ್ಕು. ಹಾಕಿದವರು ನಮ್ಮ ಚಿಕ್ಕಪ್ಪ, ಹಾಗಾಗಿ ಅಲ್ಲಿ ಬಾಯಿ ಬಿಡಲಿಲ್ಲ. ಇಲ್ಲಿ ಬಿಡುತ್ತಿದ್ದೇನೆ.

ಆ ರಸ್ತೆಯಲ್ಲಿ ನಾನು ಹೋಗಿ ಬಂದವನು. ಬ್ರಿಟಿಷ್ ಕೊಲಂಬಿಯಾದ ಡಾಸನ್ ಕ್ರೀಕ್ ಅನ್ನುವ ಊರಿನಲ್ಲಿ ಶುರು, ಯೂಕಾನ್ ಪ್ರಾಂತ್ಯ ಪೂರ್ತಿ ದಾಟಿ ಅಲಾಸ್ಕದ ಡೆಲ್ಟಾ ಜಂಕ್ಷನ್‌ನಲ್ಲಿ ಕೊನೆ. ಇವತ್ತಿನ ಲೆಕ್ಕದಲ್ಲಿ ಸುಮಾರು 2,232 ಕಿ.ಮೀ. ಹೆಸರು ಅಲಾಸ್ಕದ್ದಾದರೂ ಅಲಾಸ್ಕದೊಳಗೆ ಇರುವುದು 320 ಕಿ.ಮೀ. ಆಸುಪಾಸು, ಉಳಿದದ್ದೆಲ್ಲ ಕೆನಡಾ. ಗಂಟೆಗಟ್ಟಲೆ ಓಡಿಸಿದರೂ ಸ್ಪ್ರೂಸ್ ಮರ, ಸರೋವರ, ಮತ್ತೆ ಸ್ಪ್ರೂಸ್ ಮರ. ಒಂದು ಪೆಟ್ರೋಲ್ ಬಂಕ್ ತಪ್ಪಿದರೆ ಮುಂದಿನದರ ತನಕ ಹೆಂಡತಿ ಮಾತಾಡುವುದಿಲ್ಲ.

ಮೊದಲೇ ಗೊತ್ತಿರುವಷ್ಟು ಇತಿಹಾಸ ಹೇಳಿಬಿಡುತ್ತೇನೆ. 1941ರ ಡಿಸೆಂಬರ್ 7ಕ್ಕೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ. ಜಪಾನ್ ಮುಂದೆ ಅಲಾಸ್ಕಕ್ಕೇ ಕೈ ಹಾಕಿದರೆ ಏನು ಗತಿ ಅನ್ನುವ ಭಯ. ಅಲಾಸ್ಕಕ್ಕೆ ಆಗ ನೆಲದ ಮೇಲೆ ದಾರಿಯೇ ಇರಲಿಲ್ಲ, ಹಡಗು ಅಥವಾ ವಿಮಾನ ಅಷ್ಟೇ. 1942ರ ಫೆಬ್ರವರಿ 11ಕ್ಕೆ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಒಪ್ಪಿಗೆ ಕೊಟ್ಟರು. ಮಾರ್ಚ್‌ನಲ್ಲಿ ಸೈನಿಕರು ಡಾಸನ್ ಕ್ರೀಕ್‌ನಲ್ಲಿ ರೈಲಿನಿಂದ ಇಳಿದರು. ಕೆನಡಾ ಅಮೆರಿಕ ನಡುವಿನ ಅಧಿಕೃತ ಪತ್ರ ವಿನಿಮಯ ಆದದ್ದು ಮಾರ್ಚ್ 17, 18ಕ್ಕೆ. ಅಂದರೆ ಮದುವೆ ಮಾತುಕತೆ ಮುಗಿಯುವ ಮೊದಲೇ ದಿಬ್ಬಣ ಬಂದಿತ್ತು. ಖರ್ಚು ಅಮೆರಿಕದ್ದು, ಜಾಗ ಕೆನಡಾದ್ದು, ಯುದ್ಧ ಮುಗಿದು 6 ತಿಂಗಳಿಗೆ ಕೆನಡಾದ ಭಾಗ ಕೆನಡಾಕ್ಕೆ. ಅಕ್ಟೋಬರ್ ಕೊನೆಗೆ ಎರಡು ತುದಿ ಕೂಡಿತು. ಆ ಮಟ್ಟಿಗೆ ಫಾರ್ವರ್ಡ್ ಸರಿ.

ಆದರೆ ಕೂಡಿದ್ದು "ಹೆದ್ದಾರಿ"ಯೇ? ಆ ರಸ್ತೆ ಯುದ್ಧಕ್ಕೆ ನಿಜವಾಗಿ ಬೇಕಿತ್ತೇ? ತಿಳಿದವರು ಹೇಳಿ.

ಬೆಣ್ಣೆದೋಸೆ:

ಚಿಕ್ಕಪ್ಪನವರ ಕಡೆ ನಾನಿದ್ದೇನೆ ಬ್ರೋ. ನಮ್ಮ ಏರಿಯಾ ಒಳಚರಂಡಿಗೆ ಅಗೆದ ರಸ್ತೆ ಮೂರನೇ ಮಳೆಗಾಲ ನೋಡ್ತಾ ಇದೆ. ಅಮೆರಿಕದವರು ಹೆಂಗ್ ಮಾಡಿದ್ರು ಅಂತ ಮೊದಲು ಹೇಳಿ, ಆಮೇಲೆ ತಪ್ಪು ಹುಡುಕೋಣ.

ಹಳೇ ಪಿಡಬ್ಲ್ಯೂಡಿ:

ಮೂವತ್ತೊಂದು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ಜಲ್ಲಿ, ಡಾಂಬರು, ಅಳತೆ ಬರೆಯುವ ಎಂ.ಬಿ. ಪುಸ್ತಕ ಅಂತ ಕಾಲ ಕಳೆದವನು. ಈ ಫಾರ್ವರ್ಡ್ ನನಗೂ ಬಂದಿದೆ, ಕನಿಷ್ಠ ಹನ್ನೆರಡು ಸಲ.

8 ತಿಂಗಳಲ್ಲಿ ಆದದ್ದಕ್ಕೆ ನಮ್ಮ ಭಾಷೆಯಲ್ಲಿ ಹೆದ್ದಾರಿ ಅನ್ನುವುದಿಲ್ಲ. ಬುಲ್ಡೋಜರ್ ಮರ ಕೆಡವಿಕೊಂಡು ಹೋದ ಜಾಡು, ಅದರ ಮೇಲೆ ಲಾರಿ ತೆವಳಬಹುದು, ಅಷ್ಟೆ. ಕೆಲವು ಕಡೆ ಏರು ಎಷ್ಟು ಕಡಿದಾಗಿತ್ತೆಂದರೆ ಒಂದು ದಿಬ್ಬಕ್ಕೆ ಸೈನಿಕರೇ "ಸೂಯಿಸೈಡ್ ಹಿಲ್" ಅಂತ ಹೆಸರಿಟ್ಟರು. ಸೇತುವೆಗಳು ಹಸಿಮರದ ದಿಮ್ಮಿಯವು. 1943ರ ವಸಂತದಲ್ಲಿ ಹಿಮ ಕರಗಿ ಹೊಳೆ ತುಂಬಿದಾಗ ಎಷ್ಟೋ ಸೇತುವೆ ಕೊಚ್ಚಿಹೋಗಿ ದಾರಿಯೇ ಕಡಿದುಹೋಯಿತು. ಮಳೆ ಬಂದರೆ ಬಂದ್ ಆಗುವ ರಸ್ತೆಗೆ ನಾನು ಕಂಪ್ಲೀಷನ್ ಸರ್ಟಿಫಿಕೇಟ್ ಕೊಟ್ಟಿದ್ದರೆ ನನ್ನ ಪೆನ್ಷನ್ ಹೋಗಿರುತ್ತಿತ್ತು.

ನಿಜವಾದ ರಸ್ತೆ ಕೆಲಸ ಅದಾದ ಮೇಲೆ. ಅಮೆರಿಕದ ಪಬ್ಲಿಕ್ ರೋಡ್ಸ್ ಅಡ್ಮಿನಿಸ್ಟ್ರೇಷನ್ ಅನ್ನುವ ನಾಗರಿಕ ಇಲಾಖೆ, ಅದರ ಕೈಕೆಳಗೆ ಕಂಟ್ರಾಕ್ಟರುಗಳು, ಸಾವಿರಾರು ಕೂಲಿಕಾರರು. ಅವರು 1943ರಲ್ಲಿ ತಿರುವು ನೇರ ಮಾಡಿ, ಏರು ತಗ್ಗಿಸಿ, ಮೋರಿ ಕೂರಿಸಿ, ಜಲ್ಲಿ ಹಾಕಿದರು. ಡಾಂಬರು ಬಂದದ್ದಂತೂ ದಶಕಗಳ ನಂತರ, ತುಂಡುತುಂಡಾಗಿ. 1992ಕ್ಕೆ ಐವತ್ತನೇ ವರ್ಷ ಆಚರಿಸುವ ಹೊತ್ತಿಗೆ ಹೆಚ್ಚುಕಡಿಮೆ ಪೂರ್ತಿ ಆಯಿತು. ಆದ್ದರಿಂದ ಚಿಕ್ಕಪ್ಪನವರಿಗೆ ಹೇಳಿ: 8 ತಿಂಗಳಲ್ಲಿ ದಾರಿ, 50 ವರ್ಷದಲ್ಲಿ ರಸ್ತೆ.

ಇನ್ನು ಬೆಣ್ಣೆದೋಸೆಯವರೇ, ಅಲ್ಲಿ ಭೂಸ್ವಾಧೀನದ ತಂಟೆ ಇರಲಿಲ್ಲ, ಟೆಂಡರ್ ಇರಲಿಲ್ಲ, ಸ್ಟೇ ಆರ್ಡರ್ ಇರಲಿಲ್ಲ. ಯುದ್ಧ ಕಾಲದ ಖಜಾನೆಗೆ ಬಾಗಿಲೇ ಇರುವುದಿಲ್ಲ. ನಿಮ್ಮ ಒಳಚರಂಡಿಗೆ ಹೋಲಿಸಬೇಡಿ.

ಬೆಣ್ಣೆದೋಸೆ:

ಸರಿ ಸರ್, ಸರೆಂಡರ್ 😅

ಎಂಇಜಿ ಸ್ಯಾಪರ್:

ಪಿಡಬ್ಲ್ಯೂಡಿ ಸಾಹೇಬರಿಗೆ ಗೌರವದಿಂದಲೇ ಒಂದು ಮಾತು. ನಾನು ಬೆಂಗಳೂರು ಎಂಇಜಿಯಲ್ಲಿ, ಅಂದರೆ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪ್ ಪಡೆಯಲ್ಲಿ, ಸೇವೆ ಮಾಡಿ ನಿವೃತ್ತನಾದವನು. ಸೇನೆಗೆ ಬೇಕಾದದ್ದು "ದಾರಿ"ಯೇ. ಮೊದಲ ಲಾರಿ ದಾಟಿದ ದಿನ ನಮ್ಮ ಕೆಲಸ ಆಯಿತು, ಮಿಕ್ಕದ್ದು ಹಿಂದಿನಿಂದ ಬರುವವರದು. ಅದನ್ನು ಕಮ್ಮಿ ಕೆಲಸ ಅನ್ನಬೇಡಿ.

7 ಇಂಜಿನಿಯರ್ ರೆಜಿಮೆಂಟು ಹಾಕಿದ್ದರು, 10 ಸಾವಿರಕ್ಕೂ ಮೇಲ್ಪಟ್ಟು ಸೈನಿಕರು. ಒಂದೇ ತುದಿಯಿಂದ ಕಡಿಯುತ್ತಾ ಹೋಗಲಿಲ್ಲ. 35ನೆಯ ರೆಜಿಮೆಂಟು ನೆಲ ಇನ್ನೂ ಗಟ್ಟಿಯಾಗಿ ಹೆಪ್ಪುಗಟ್ಟಿರುವಾಗಲೇ ಡಾಸನ್ ಕ್ರೀಕ್‌ನಿಂದ ಫೋರ್ಟ್ ನೆಲ್ಸನ್‌ವರೆಗೆ ಚಳಿಗಾಲದ ಜಾಡು ಹಿಡಿದು ಯಂತ್ರ, ಸಾಮಾನು ಸಾಗಿಸಿಕೊಂಡು ಹೋಯಿತು. ಹಿಮ ಕರಗಿದರೆ ಆ ಕೆಸರಲ್ಲಿ ಬುಲ್ಡೋಜರ್ ಮುಳುಗುತ್ತದೆ, ಅದಕ್ಕೇ ಆ ಅವಸರ. ಇನ್ನು ಕೆಲವರು ಹಡಗಿನಲ್ಲಿ ಸ್ಕಾಗ್ವೇ ಬಂದರಿಗೆ ಬಂದು, ವೈಟ್ ಪಾಸ್‌ನ ಕಿರುಗೇಜು ರೈಲು ಹತ್ತಿ ವೈಟ್‌ಹಾರ್ಸ್‌ಗೆ. 97ನೆಯದು ವಾಲ್ಡೀಜ್ ಬಂದರಿನಿಂದ ಅಲಾಸ್ಕ ಕಡೆಯಿಂದ. ಹೀಗೆ ನಡುನಡುವೆ ಕೂತು ಎರಡೂ ದಿಕ್ಕಿಗೆ ಕಡಿದರು. ಸೆಪ್ಟೆಂಬರ್ 24ಕ್ಕೆ ದಕ್ಷಿಣದ ಭಾಗ ಒಂದು ತೊರೆಯ ಹತ್ತಿರ ಕೂಡಿತು, ಆ ತೊರೆಗೆ ಇವತ್ತಿಗೂ ಕಾಂಟ್ಯಾಕ್ಟ್ ಕ್ರೀಕ್ ಅಂತಲೇ ಹೆಸರು.

ಜೌಗು ಬಂದಲ್ಲೆಲ್ಲ ಮರದ ದಿಮ್ಮಿಗಳನ್ನು ಅಡ್ಡಡ್ಡ, ಒತ್ತೊತ್ತಾಗಿ ಹಾಸಿ ಮೇಲೆ ಮಣ್ಣು. ಕಾರ್ಡುರಾಯ್ ರಸ್ತೆ ಅಂತೀವಿ. ಒಂದು ಪದರ ಮುಳುಗಿದರೆ ಇನ್ನೊಂದು ಪದರ. ಅದರ ಮೇಲೆ ಲಾರಿ ಓಡಿಸಿದವನ ಬೆನ್ನು ಸಾಯುವವರೆಗೂ ನೆನಪಿಟ್ಟುಕೊಳ್ಳುತ್ತದೆ.

ಕಡಲತಡಿ (ಮಂಗಳೂರು):

ನಮ್ಮ ಕಾಲುಸಂಕದ ಹಾಗೆಯೇ ಅಲ್ವಾ ಮಾರಾಯ್ರೆ, ಆದರೆ ನೆಲದ ಮೇಲೆ ಮಲಗಿಸಿದ್ದು!

ನನಗೆ ಒಂದು ಡೌಟು. ಆ ರಸ್ತೆ ಹಾವಿನ ಹಾಗೆ ತಿರುಗಿಸಿದ್ದು ಜಪಾನಿನ ವಿಮಾನಗಳು ಲಾರಿ ಸಾಲಿನ ಮೇಲೆ ನೇರವಾಗಿ ಗುಂಡು ಹಾರಿಸಬಾರದು ಅಂತ, ಅಂತ ಎಲ್ಲಿಯೋ ಕೇಳಿದ್ದೆ. ಹೌದಾ?

ಹಳೇ ಪಿಡಬ್ಲ್ಯೂಡಿ:

ಕಟ್ಟುಕಥೆ. ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಮುಂದೆ ಜೌಗು ಕಂಡರೆ ಎಡಕ್ಕೆ, ಬಂಡೆ ಕಂಡರೆ ಬಲಕ್ಕೆ. ಸರ್ವೆಯವರು ಬುಲ್ಡೋಜರಿಗಿಂತ ಸ್ವಲ್ಪವೇ ಮುಂದೆ, ಬಟ್ಟೆ ಚೂರು ಕಟ್ಟಿ ಗುರುತು ಮಾಡುತ್ತಾ ಓಡುತ್ತಿದ್ದರೆ ಯಾವ ರಸ್ತೆಯಾದರೂ ಹಾಗೇ ಬರುತ್ತದೆ. ಆಮೇಲೆ ಆ ತಿರುವುಗಳನ್ನೆಲ್ಲ ನೇರ ಮಾಡಿ ಮಾಡಿಯೇ ಉದ್ದ ಇಳಿದದ್ದು.

ಮಲಪ್ರಭಾ (ಧಾರವಾಡ):

ಎಲ್ಲಾರೂ ಬುಲ್ಡೋಜರ್ ಬುಲ್ಡೋಜರ್ ಅನ್ನಾಕತ್ತೀರಿ. ಬುಲ್ಡೋಜರ್ ಯಾರಿಗೆ ಕೊಟ್ರು, ಯಾರ ಕೈಯಾಗಿಂದ ಕಸ್ಕೊಂಡ್ರು, ಅದನ್ನ ಯಾರೂ ಕೇಳವಲ್ರಿ. ನಾ ಕಾಲೇಜಿನ್ಯಾಗ ಇತಿಹಾಸ ಕಲಸಾಕಿ, ಅದಕ್ಕ ಸುಮ್ನ ಕುಂದ್ರಾಕ ಆಗಂಗಿಲ್ಲ. ಉಳಿದದ್ದು ಪುಸ್ತಕದ ಕನ್ನಡದಾಗ ಬರೀತೀನಿ, ಎಲ್ಲಾರಿಗೂ ತಿಳೀಲಿ.

ಆ 7 ರೆಜಿಮೆಂಟುಗಳಲ್ಲಿ ನಾಲ್ಕು ಬಿಳಿಯರವು: 18, 35, 340, 341. ಮೂರು ಕಪ್ಪುಜನರವು: 93, 95, 97. ಆಗ ಅಮೆರಿಕದ ಸೇನೆಯಲ್ಲಿ ಇಬ್ಬರನ್ನೂ ಬೇರೆಬೇರೆ ಇಡುತ್ತಿದ್ದರು. ಕಪ್ಪು ರೆಜಿಮೆಂಟುಗಳಿಗೂ ಮೇಲಧಿಕಾರಿಗಳು ಬಿಳಿಯರೇ. ಒಟ್ಟು ಸೈನಿಕರಲ್ಲಿ ಸುಮಾರು ಮೂರನೇ ಒಂದು ಪಾಲು ಇವರು. ಬಹಳಷ್ಟು ಹುಡುಗರು ದಕ್ಷಿಣದ ರಾಜ್ಯಗಳಿಂದ ಬಂದವರು, ಮೈನಸ್ 40 ಡಿಗ್ರಿ ಹಾಗಿರಲಿ, ಸರಿಯಾಗಿ ಹಿಮವನ್ನೇ ಕಾಣದವರು.

ಅಲಾಸ್ಕದ ಸೇನಾ ಮುಖ್ಯಸ್ಥ ಸೈಮನ್ ಬಕ್ನರ್‌ಗೆ ಇವರು ಬರುವುದೇ ಇಷ್ಟವಿರಲಿಲ್ಲ. ಯುದ್ಧ ಮುಗಿದ ಮೇಲೆ ಇವರು ಇಲ್ಲೇ ಉಳಿದು, ಸ್ಥಳೀಯ ಬುಡಕಟ್ಟಿನವರ ಜೊತೆ ಮದುವೆ ಸಂಬಂಧ ಬೆಳೆಸುತ್ತಾರೆ ಎಂಬ ಅರ್ಥದಲ್ಲಿ 1942ರ ಏಪ್ರಿಲ್‌ನಲ್ಲಿ ಪತ್ರವನ್ನೇ ಬರೆದ. ಕೆಲಸ ಬೇಕು, ಮನುಷ್ಯ ಬೇಡ. ಹಾಗಾಗಿ ಊರುಗಳಿಂದ ದೂರ, ಕಾಡಿನಲ್ಲೇ ಇವರ ಬಿಡಾರ. ಅವನ ತಂದೆ ಸಿವಿಲ್ ಯುದ್ಧದಲ್ಲಿ ದಕ್ಷಿಣದವರ ಜನರಲ್ ಆಗಿದ್ದವನು, ಇದನ್ನೂ ಪಕ್ಕಕ್ಕಿಟ್ಟು ಓದಿ.

95ನೆಯ ರೆಜಿಮೆಂಟಿನ ದೊಡ್ಡ ಯಂತ್ರಗಳನ್ನು ತೆಗೆದು ಬಿಳಿಯರ 341ಕ್ಕೆ ಕೊಟ್ಟರು. ಇವರ ಕೈಗೆ ಕೊಡಲಿ, ಗರಗಸ, ಸಲಿಕೆ. ಅದೇ 95ರವರು ಜುಲೈನಲ್ಲಿ ಸಿಕಾನಿ ಚೀಫ್ ನದಿಗೆ ಸೇತುವೆ ಕಟ್ಟಿದರು. ಎದೆಮಟ್ಟದ ಹಿಮನೀರಿನಲ್ಲಿ ನಿಂತು, ಹೊತ್ತು ಇಳಿದ ಮೇಲೆ ಲಾರಿಗಳ ದೀಪದ ಬೆಳಕಿನಲ್ಲಿ. ಇಷ್ಟು ಬೇಗ ಆಗದು ಅಂದವರ ಎದುರು ಸಂಬಳವನ್ನೇ ಪಣಕ್ಕಿಟ್ಟರಂತೆ. ನಾಲ್ಕು ದಿನ ತುಂಬುವುದರೊಳಗೆ ಸೇತುವೆ ನಿಂತಿತ್ತು.

ಆಮೇಲೆ ಅಕ್ಟೋಬರ್ 25. ಯೂಕಾನ್‌ನ ಬೀವರ್ ಕ್ರೀಕ್ ಹತ್ತಿರ ಎರಡು ಬುಲ್ಡೋಜರ್ ಎದುರುಬದುರು ಮರ ಕೆಡವಿಕೊಂಡು ಬಂದು ಮುಖಾಮುಖಿಯಾದವು. ಒಂದರ ಮೇಲೆ 97ರ ಕಾರ್ಪೊರಲ್ ರಿಫೈನ್ಸ್ ಸಿಮ್ಸ್, ಕಪ್ಪು. ಇನ್ನೊಂದರ ಮೇಲೆ 18ರ ಪ್ರೈವೇಟ್ ಆಲ್ಫ್ರೆಡ್ ಯಲೂಫ್ಕ, ಬಿಳಿ. ಇಬ್ಬರೂ ನಗುತ್ತಾ ಕೈಕುಲುಕುವ ಫೋಟೊ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಫೋಟೊ ಬಂತು, ಸರಿ. ಆದರೆ ಬಹುಕಾಲ ಈ ರಸ್ತೆಯ ಕಥೆ ಹೇಳುವಾಗ ಆ ಮೂರು ರೆಜಿಮೆಂಟುಗಳ ಹೆಸರು ಸಿಗುತ್ತಿದ್ದುದು ಅಪರೂಪ. ಡೆಲ್ಟಾ ಜಂಕ್ಷನ್ ಹತ್ತಿರದ ಗರ್ಸ್ಟಲ್ ನದಿ ಸೇತುವೆಗೆ ಅವರ ನೆನಪಿನ ಹೆಸರಿಟ್ಟದ್ದು 1990ರ ದಶಕದಲ್ಲಿ. ಅಕ್ಟೋಬರ್ 25ನ್ನು ಅವರ ದಿನ ಅಂತ ಅಲಾಸ್ಕ ಘೋಷಿಸಿದ್ದು 2017ರಲ್ಲಿ, 75 ವರ್ಷ ಆದ ಮೇಲೆ. ನಿಮ್ಮ ಫಾರ್ವರ್ಡಿನಲ್ಲಿ "ಅಮೆರಿಕದವರು" ಅಂತ ಒಂದೇ ಪದ ಇದೆಯಲ್ಲ, ಅದರೊಳಗೆ ಇಷ್ಟು ಅಡಗಿದೆ.

ಎಂಇಜಿ ಸ್ಯಾಪರ್:

ಮೇಡಂ, ಸೆಲ್ಯೂಟ್. ಇದಕ್ಕೆ ನಮ್ಮ ದೇಶದ ಒಂದು ಕೊಂಡಿ ಇದೆ. ಅಸ್ಸಾಮಿನ ಲೆಡೊ ಊರಿನಿಂದ ಪಾಂಗ್‌ಸೌ ಕಣಿವೆ ದಾಟಿ, ಬರ್ಮಾ ಹಾದು ಚೀನಾಕ್ಕೆ ಹೋದ ಲೆಡೊ ರಸ್ತೆ, ಅದೂ 1942ರ ಡಿಸೆಂಬರ್‌ನಲ್ಲೇ ಶುರುವಾದದ್ದು. ಅಲ್ಲಿ ದುಡಿದ ಸುಮಾರು 15 ಸಾವಿರ ಅಮೆರಿಕನ್ ಸೈನಿಕರಲ್ಲಿ ಶೇ. 60ರಷ್ಟು ಕಪ್ಪುಜನ. ಅವರ ಜೊತೆ 35 ಸಾವಿರ ಸ್ಥಳೀಯ ಕೂಲಿಗಳು, ಇವರ ಹೆಸರಂತೂ ಯಾವ ಕಲ್ಲಿನ ಮೇಲೂ ಕಾಣೆ. ಅಲ್ಲಿ ಹಿಮದ ಬದಲು ಮಳೆ, ಜಿಗಣೆ, ಮಲೇರಿಯಾ.

ಚಳಿಗಾಳಿಯವರು ಕೇಳಿದ ಎರಡನೇ ಪ್ರಶ್ನೆಗೂ, ರಸ್ತೆ ಯುದ್ಧಕ್ಕೆ ಬೇಕಿತ್ತೇ ಅನ್ನುವುದಕ್ಕೂ, ಅದೇ ಉದಾಹರಣೆ. ಲೆಡೊದಿಂದ ಮೊದಲ ಲಾರಿ ಸಾಲು ಚೀನಾದ ಕುನ್ಮಿಂಗ್ ತಲುಪಿದ್ದು 1945ರ ಫೆಬ್ರವರಿ 4. ಅಷ್ಟರಲ್ಲಿ ಹಿಮಾಲಯದ ಮೇಲಿಂದ ವಿಮಾನಗಳೇ ಸಾಮಾನು ಸುರಿಯುತ್ತಿದ್ದವು. 1945ರ ಜುಲೈ ಒಂದೇ ತಿಂಗಳಲ್ಲಿ ವಿಮಾನದಲ್ಲಿ ಹೋದದ್ದು 71 ಸಾವಿರ ಟನ್, ಆ ರಸ್ತೆಯಲ್ಲಿ 6 ಸಾವಿರ ಟನ್.

ಚಳಿಗಾಳಿ:

ಹಾಗಾದರೆ ಅಲಾಸ್ಕ ರಸ್ತೆಯೂ ಅದೇ ಕಥೆಯೇ ಸರ್? ಜಪಾನಿನವರು ನಿಜವಾಗಿ ಬಂದಿದ್ದರಲ್ಲ?

ಎಂಇಜಿ ಸ್ಯಾಪರ್:

ಬಂದಿದ್ದರು. 1942ರ ಜೂನ್ 3, 4ಕ್ಕೆ ಅಲಾಸ್ಕದ ಡಚ್ ಹಾರ್ಬರ್ ಬಂದರಿನ ಮೇಲೆ ಬಾಂಬು ಹಾಕಿದರು, ಅದರ ಬೆನ್ನಿಗೇ ಅಲ್ಯೂಷಿಯನ್ ದ್ವೀಪಸಾಲಿನ ತುದಿಯ ಕಿಸ್ಕ, ಅಟ್ಟು ದ್ವೀಪ ಹಿಡಿದರು. ಆದರೆ ನಕಾಶೆ ತೆಗೆದು ನೋಡಿ. ಆ ದ್ವೀಪಗಳಿಗೂ ಈ ರಸ್ತೆಗೂ ಎತ್ತಣ ಮಾಮರ ಎತ್ತಣ ಕೋಗಿಲೆ. ಅಲ್ಲಿಗೆ ಸೈನ್ಯ ಹೋದದ್ದು ಸಮುದ್ರದಲ್ಲೇ. 1943ರ ಮೇನಲ್ಲಿ ಅಟ್ಟು ವಾಪಸ್ ಬಂತು. ಆಗಸ್ಟ್‌ನಲ್ಲಿ ಕಿಸ್ಕಕ್ಕೆ ಇಳಿದರೆ ಒಬ್ಬ ಜಪಾನಿಯೂ ಇಲ್ಲ, ಮಂಜಿನ ಮರೆಯಲ್ಲಿ ಎರಡು ವಾರ ಮೊದಲೇ ಜಾಗ ಖಾಲಿ ಮಾಡಿದ್ದರು. ಅಲ್ಲಿಗೆ ಅಲಾಸ್ಕದ ಭಯ ಮುಗಿಯಿತು. ರಸ್ತೆ ಆಗಿನ್ನೂ ಜಲ್ಲಿ ಕಾಣುತ್ತಿತ್ತು.

ಕಡಲತಡಿ (ಮಂಗಳೂರು):

ಅಂದರೆ ವೇಸ್ಟಾ?

ಚಳಿಗಾಳಿ:

ಪೂರ್ತಿ ವೇಸ್ಟ್ ಅನ್ನಲು ನನಗೆ ಮನಸ್ಸಿಲ್ಲ. ದಾರಿಯಲ್ಲಿ ನನಗೆ ವಿಚಿತ್ರ ಅನ್ನಿಸಿದ್ದು, ಮಧ್ಯೆ ಏನೂ ಇಲ್ಲದ ಕಡೆ ದೊಡ್ಡ ದೊಡ್ಡ ವಿಮಾನ ರನ್‌ವೇಗಳು. ಫೋರ್ಟ್ ಸೇಂಟ್ ಜಾನ್, ಫೋರ್ಟ್ ನೆಲ್ಸನ್, ವಾಟ್ಸನ್ ಲೇಕ್, ವೈಟ್‌ಹಾರ್ಸ್. ರಸ್ತೆಗೆ ನಾಲ್ಕು ಮಾರ್ಗ ಸೂಚಿಸಿದ್ದರಂತೆ. ಸಮುದ್ರದ ಹತ್ತಿರದ ಮಾರ್ಗಕ್ಕಾಗಿ ಪಶ್ಚಿಮ ಕರಾವಳಿಯವರು ವರ್ಷಗಟ್ಟಲೆ ಹಟ ಹಿಡಿದಿದ್ದರು. ಸೇನೆ ಆರಿಸಿದ್ದು ಒಳನಾಡಿನ ಬಯಲು ಕಡೆಯ ಮಾರ್ಗವನ್ನು, ಯಾಕೆಂದರೆ ಕೆನಡಾ ಮೊದಲೇ ಕಟ್ಟುತ್ತಿದ್ದ ಈ ವಿಮಾನ ನಿಲ್ದಾಣಗಳ ಸಾಲು ಅಲ್ಲಿತ್ತು. ಅಂದರೆ ವಿಮಾನಗಳಿಗೆ ಪೆಟ್ರೋಲು, ಬಿಡಿಭಾಗ, ಅಕ್ಕಿಬೇಳೆ ಮುಟ್ಟಿಸುವ ಹಿತ್ತಲ ದಾರಿ ಇದು. (ಅಕ್ಕಿಬೇಳೆ ಅಂದದ್ದು ಮಾತಿಗೆ. ಅವರಿಗೆ ಡಬ್ಬಿ ಮಾಂಸ.)

ರಸ್ತೆ ಇಲ್ಲದಾಗ ಏನಾಗುತ್ತಿತ್ತು ಅನ್ನುವುದಕ್ಕೆ ಒಂದು ಪ್ರಸಂಗ. 1942ರ ಜನವರಿಯಲ್ಲಿ ಅಲಾಸ್ಕಕ್ಕೆ ಹೊರಟ ಮೂರು ಬಿ-26 ಬಾಂಬರುಗಳು ದಾರಿ ತಪ್ಪಿ, ಪೆಟ್ರೋಲು ಮುಗಿದು, ವಾಟ್ಸನ್ ಲೇಕ್ ದಕ್ಷಿಣಕ್ಕೆ ಒಂದು ಹಿಮದ ಕಣಿವೆಯಲ್ಲಿ ಹೊಟ್ಟೆಯ ಮೇಲೆ ಇಳಿದವು. ಎಲ್ಲರೂ ಬದುಕಿದರು. ಆ ಕಣಿವೆಗೆ ಮಿಲಿಯನ್ ಡಾಲರ್ ವ್ಯಾಲಿ ಅಂತ ಹೆಸರು ಬಿತ್ತು. ಆಮೇಲೆ ಪೈಲಟ್‌ಗಳು ಕೆಳಗೆ ಕಾಣುವ ರಸ್ತೆಯ ಗೀಟನ್ನೇ ಹಿಡಿದು ಹಾರತೊಡಗಿದರು. 1942ರ ಸೆಪ್ಟೆಂಬರ್‌ನಿಂದ 1945ರವರೆಗೆ ಅಮೆರಿಕ ಸೋವಿಯತ್ ದೇಶಕ್ಕೆ ಕೊಟ್ಟ ಸುಮಾರು 8 ಸಾವಿರ ವಿಮಾನ ಈ ಸಾಲಿನಲ್ಲಿ ಅಲಾಸ್ಕದ ಫೇರ್‌ಬ್ಯಾಂಕ್ಸ್‌ಗೆ ಹೋದವು. ಅಲ್ಲಿ ಸೋವಿಯತ್ ಪೈಲಟ್‌ಗಳು ಕಾಯುತ್ತಿದ್ದರು, ಕೆಂಪು ನಕ್ಷತ್ರದ ವಿಮಾನ ಹತ್ತಿ ಸೈಬೀರಿಯಾ ಮೇಲಿಂದ ಜರ್ಮನಿ ವಿರುದ್ಧದ ಯುದ್ಧಕ್ಕೆ. ಜಪಾನ್ ಭಯಕ್ಕೆ ಮಾಡಿದ ರಸ್ತೆ ಕೊನೆಗೆ ರಷ್ಯಾಕ್ಕೆ ಉಪಕಾರ ಮಾಡಿತು.

ಮಲಪ್ರಭಾ (ಧಾರವಾಡ):

ವೇಸ್ಟ್ ನೋಡಬೇಕಂದ್ರ ಕ್ಯಾನೋಲ್ ನೋಡ್ರಿ! ಮೆಕೆಂಜಿ ನದಿ ದಂಡೆಯ ನಾರ್ಮನ್ ವೆಲ್ಸ್‌ನಿಂದ ಬೆಟ್ಟ ಹತ್ತಿಸಿ ವೈಟ್‌ಹಾರ್ಸ್‌ಗೆ ಎಣ್ಣೆ ಪೈಪು ಎಳೆದರು, ಈ ರಸ್ತೆಯ ಲಾರಿ, ವಿಮಾನಗಳಿಗೆ ಇಂಧನ ಅಂತ. 134 ಮಿಲಿಯನ್ ಡಾಲರ್ ಖರ್ಚು. 1944ರಲ್ಲಿ ಎಣ್ಣೆ ಹರಿಯಿತು, 1945ಕ್ಕೆ ಬಂದ್. ಸೆನೆಟ್‌ನಲ್ಲಿ ಯುದ್ಧದ ದುಂದುವೆಚ್ಚ ತನಿಖೆ ಮಾಡುತ್ತಿದ್ದ ಟ್ರೂಮನ್ ಸಮಿತಿ ಉಗಿದು ಉಪ್ಪಿನಕಾಯಿ ಹಾಕಿತು. ಪಂಪ್‌ಹೌಸ್, ಲಾರಿ ಎಲ್ಲ ಅಲ್ಲೇ ತುಕ್ಕು ಹಿಡಿದು ನಿಂತಿವೆ. ವೈಟ್‌ಹಾರ್ಸ್‌ನ ರಿಫೈನರಿಯನ್ನು ಬಿಚ್ಚಿ ಚಳಿಗಾಳಿಯವರ ಎಡ್ಮಂಟನ್‌ಗೇ ಹೊತ್ತುಕೊಂಡು ಬಂದರು, 1947ರಲ್ಲಿ ಅಲ್ಲೇ ಹತ್ತಿರದ ಲೆಡುಕ್‌ನಲ್ಲಿ ಎಣ್ಣೆ ಸಿಕ್ಕಿದ ಮೇಲೆ.

ಬೆಣ್ಣೆದೋಸೆ:

ಉಗಿದು ಉಪ್ಪಿನಕಾಯಿ 😂 ಮೇಡಂ ಕ್ಲಾಸ್‌ಗೆ ನಾನೂ ಅಡ್ಮಿಷನ್ ಮಾಡ್ಸ್ಬೇಕು.

ಸೀರಿಯಸ್ ಪ್ರಶ್ನೆ: ಪರ್ಮಾಫ್ರಾಸ್ಟ್ ಅಂತಾರಲ್ಲ, ಅದೇನು? ಹೆಪ್ಪುಗಟ್ಟಿದ ನೆಲ ಕಲ್ಲಿನ ಥರ ಗಟ್ಟಿ ತಾನೇ? ರಸ್ತೆಗೆ ಒಳ್ಳೇದೇ ಆಯ್ತಲ್ಲ?

ಹಳೇ ಪಿಡಬ್ಲ್ಯೂಡಿ:

ಬಹಳ ಒಳ್ಳೆಯ ಪ್ರಶ್ನೆ. ಅವರೂ ಮೊದಲು ಹಾಗೇ ಅಂದುಕೊಂಡದ್ದು.

ಹಿಂದೆ ಮದುವೆ ಮನೆಗೆ ದೊಡ್ಡ ಮಂಜುಗಡ್ಡೆ ತರಿಸುತ್ತಿದ್ದರಲ್ಲ, ಅದನ್ನು ಹೇಗೆ ತರುತ್ತಿದ್ದರು? ಮರದ ಹೊಟ್ಟು ಸುರಿದು, ಮೇಲೆ ಗೋಣಿತಾಟು ಸುತ್ತಿ. ಗೋಣಿ ಇರುವವರೆಗೆ ಮಂಜುಗಡ್ಡೆ ಕರಗುವುದಿಲ್ಲ. ಉತ್ತರದ ಆ ನೆಲ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ, ಒಳಗೆ ಮಂಜಿನ ಗಟ್ಟಿಗಳೂ ಇರುತ್ತವೆ. ಅದರ ಗೋಣಿತಾಟು ಯಾವುದು? ಮೇಲಿರುವ ಪಾಚಿ, ಕೊಳೆತ ಎಲೆ, ಬೇರು. ನಮ್ಮ ರಸ್ತೆ ಶಾಸ್ತ್ರದ ಮೊದಲ ಪಾಠ "ಮೇಲ್ಮಣ್ಣು, ಕಸಕಡ್ಡಿ ಕೆರೆದು ತೆಗೆ". ಬುಲ್ಡೋಜರಿನವರು ಅದನ್ನೇ ಮಾಡಿದರು. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗಿರುವುದು ಕೆಲವೇ ಗಂಟೆ. ಬಿಸಿಲು ನೇರ ಬಿತ್ತು, ನೆಲ ಪಾಯಸವಾಯಿತು. ಇನ್ನಷ್ಟು ಕೆರೆದರೆ ಇನ್ನಷ್ಟು ಆಳಕ್ಕೆ ಪಾಯಸ.

ಯೂಕಾನ್‌ನ ವೈಟ್ ನದಿ ಕಡೆ 18ನೆಯ ರೆಜಿಮೆಂಟು ಇದರಲ್ಲೇ ಹೂತುಹೋಗಿ ವೇಗ ಕಳೆದುಕೊಂಡಿತು. ಕೊನೆಗೆ ಕಲಿತದ್ದು ಉಲ್ಟಾ ಪಾಠ. ಪಾಚಿ ಮುಟ್ಟಬೇಡ, ಮರವನ್ನು ಕೈಯಲ್ಲಿ ಕಡಿ, ಅದನ್ನೇ ಪಾಚಿಯ ಮೇಲೆ ಹಾಸು, ಅದರ ಮೇಲೆ ಮಣ್ಣು ತಂದು ಸುರಿ. ಗೋಣಿಯ ಮೇಲೆ ಇನ್ನೊಂದು ಗೋಣಿ.

ಇವತ್ತಿಗೂ ಆ ಭಾಗದ ರಸ್ತೆ ಅಲೆಅಲೆಯಾಗಿ ಕುಸಿಯುತ್ತಲೇ ಇದೆ. ಡಾಂಬರು ಕಪ್ಪು, ಬಿಸಿ ಹೀರುತ್ತದೆ. ಈಗ ಹವೆಯೂ ಬಿಸಿಯಾಗುತ್ತಿದೆ.

ಚಳಿಗಾಳಿ:

ಸತ್ಯ ಸರ್! ಬೀವರ್ ಕ್ರೀಕ್ ಹತ್ತಿರ ನಮ್ಮ ಕಾರು ದೋಣಿಯ ಹಾಗೆ ಏರಿ ಇಳಿಯಿತು. ಹಿಂದಿನ ಸೀಟಿನಲ್ಲಿ ಮಗಳಿಗೆ ವಾಂತಿ. ಎದುರಿನ ಲಾರಿಯಿಂದ ಹಾರಿದ ಜಲ್ಲಿ ಗಾಜಿಗೆ ಬಡಿದು ಜೇಡರಬಲೆ ಬಿಟ್ಟಿತು, ಅದು ಬೇರೆ.

ಇನ್ನೊಂದು ಜಾಗ ಹೇಳಲೇಬೇಕು. ಕ್ಲುವಾನಿ ಸರೋವರದ ತಲೆಯಲ್ಲಿ ಸ್ಲಿಮ್ಸ್ ಅನ್ನುವ ಹಿಮನದಿಯ ಹೊಳೆಗೆ ಉದ್ದದ ಸೇತುವೆ. ಅದರ ಹತ್ತಿರದ ಸೋಲ್ಜರ್ಸ್ ಸಮ್ಮಿಟ್‌ನಲ್ಲೇ 1942ರ ನವೆಂಬರ್ 20ಕ್ಕೆ, ಕೊರೆಯುವ ಚಳಿಯಲ್ಲಿ, ರಿಬ್ಬನ್ ಕತ್ತರಿಸಿ ರಸ್ತೆ ಉದ್ಘಾಟಿಸಿದ್ದು. ನಾನು ಸೇತುವೆ ಮೇಲೆ ನಿಂತು ಕೆಳಗೆ ನೋಡಿದರೆ ಹೊಳೆ ಎಲ್ಲಿದೆ? ಬರೀ ಧೂಳು ಏಳುತ್ತಿದೆ. 2016ರಲ್ಲಿ ಮೇಲಿನ ಕಾಸ್ಕವಲ್ಶ್ ಹಿಮನದಿ ಹಿಂದೆ ಸರಿದು, ಕರಗಿದ ನೀರೆಲ್ಲ ಕೆಲವೇ ದಿನಗಳಲ್ಲಿ ಇನ್ನೊಂದು ಕಣಿವೆಗೆ ತಿರುಗಿಬಿಟ್ಟಿತಂತೆ.

ಮಲಪ್ರಭಾ (ಧಾರವಾಡ):

ಕ್ಲುವಾನಿ ಅಂದ್ರಲ್ಲ, ಅಲ್ಲೇ ಇನ್ನೊಂದು ಸಂಗತಿ. ಫಾರ್ವರ್ಡಿನಾಗ "ನಿರ್ಜನ ಕಾಡು" ಅಂತ ಇದ್ದಿರಬೇಕು, ಇರ್ತದ. ನಿರ್ಜನ ಆಗಿರಲಿಲ್ಲ. ಸದರ್ನ್ ಟಚೋನಿ, ಟ್ಲಿಂಗಿಟ್, ಕಾಸ್ಕ, ಡನೆ-ಜಾ ಜನ ಸಾವಿರಾರು ವರ್ಷದಿಂದ ಅಲ್ಲಿ ಬೇಟೆಯಾಡಿ, ಮೀನು ಹಿಡಿದು ಬದುಕಿದ್ದವರು. ಎಷ್ಟೋ ಕಡೆ ಸೇನೆಗೆ ದಾರಿ ತೋರಿಸಿದವರೇ ಅವರು. ಅವರ ಕಾಲುದಾರಿಯ ಮೇಲೆಯೇ ಹಲವೆಡೆ ಈ ರಸ್ತೆ ಹೋಗಿದೆ.

ಅದಕ್ಕೆ ಅವರಿಗೆ ಸಿಕ್ಕಿದ್ದು? ಟೆಸ್ಲಿನ್ ಎಂಬ ಸಣ್ಣ ಟ್ಲಿಂಗಿಟ್ ಊರಿನಲ್ಲಿ 1942ರ ಸೆಪ್ಟೆಂಬರ್‌ನಿಂದ ಮುಂದಿನ ಮೇವರೆಗೆ ಸಾಲುಸಾಲಾಗಿ ದಡಾರ, ಭೇದಿ, ಕಾಮಾಲೆ, ನಾಯಿಕೆಮ್ಮು, ಮಂಗನಬಾವು, ಮೆದುಳು ಜ್ವರ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಸೇನೆಯ ಒಬ್ಬ ವೈದ್ಯರೇ ಗಾಬರಿಗೊಂಡು ಇದನ್ನು ದಾಖಲಿಸಿದರು. ಕ್ಲುವಾನಿ ಸುತ್ತ ಬಂದ ಸೈನಿಕರು, ಕೂಲಿಕಾರರು ಸಿಕ್ಕಾಪಟ್ಟೆ ಬೇಟೆಯಾಡುತ್ತಿದ್ದಾರೆಂದು 1943ರಲ್ಲಿ ಅಲ್ಲಿ ವನ್ಯಜೀವಿ ರಕ್ಷಿತಾರಣ್ಯ ಮಾಡಿದರು. ಬೇಟೆ ನಿಷೇಧ ಯಾರಿಗೆ ತಟ್ಟಿತು? ಸೈನಿಕರು ಊರಿಗೆ ಹೋದರು. ಅಲ್ಲೇ ಹುಟ್ಟಿ ಬೆಳೆದ ಟಚೋನಿಗಳು ತಮ್ಮ ಕಾಡಿಗೆ ದಶಕಗಳ ಕಾಲ ಕಳ್ಳರಾದರು. ನಮ್ಮ ನಾಗರಹೊಳೆಯ ಜೇನುಕುರುಬರ ಕಥೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡಲತಡಿ (ಮಂಗಳೂರು):

ಇದು ಗೊತ್ತೇ ಇರಲಿಲ್ಲ ಮೇಡಂ.

ಯುದ್ಧ ಮುಗಿದ ಮೇಲೆ ಏನಾಯ್ತು?

ಚಳಿಗಾಳಿ:

1946ರ ಏಪ್ರಿಲ್ 1ಕ್ಕೆ ಕೆನಡಾದ ಸೇನೆ ವಹಿಸಿಕೊಂಡಿತು. ಮೊದಮೊದಲು ಪರವಾನಗಿ ಇಲ್ಲದೆ ಜನಸಾಮಾನ್ಯರಿಗೆ ಬಿಡುತ್ತಿರಲಿಲ್ಲ, 1948ರಲ್ಲಿ ತೆರೆಯಿತು. ನಡುವೆ 1947ರ ಫೆಬ್ರವರಿ 3ಕ್ಕೆ ಆ ವಿಮಾನ ನಿಲ್ದಾಣಗಳ ಸಾಲಿನ ಸ್ನ್ಯಾಗ್ ಎಂಬಲ್ಲಿ ಮೈನಸ್ 63 ಡಿಗ್ರಿ ದಾಖಲಾಯಿತು. ವೈಟ್‌ಹಾರ್ಸ್ ಸಣ್ಣ ಊರಾಗಿದ್ದದ್ದು ರಸ್ತೆಯಿಂದಾಗಿ ಬೆಳೆದು, 1953ರಲ್ಲಿ ಚಿನ್ನದ ಕಾಲದ ಡಾಸನ್ ಸಿಟಿಯಿಂದ (ಡಾಸನ್ ಕ್ರೀಕ್ ಅಲ್ಲ, ಅದು ಬೇರೆ) ಯೂಕಾನ್ ರಾಜಧಾನಿ ಪಟ್ಟ ಕಿತ್ತುಕೊಂಡಿತು. ನಮ್ಮಲ್ಲಿ ರೈಲು ಬಂದು ಸಂತೆ ಊರು ಬದಲಾದ ಹಾಗೆ. 1957ರ ಅಕ್ಟೋಬರ್ 16ಕ್ಕೆ ಪೀಸ್ ನದಿಯ ದೊಡ್ಡ ತೂಗುಸೇತುವೆ ಕುಸಿದು ಬಿತ್ತು.

ಹಳೇ ಪಿಡಬ್ಲ್ಯೂಡಿ:

ಅಡಿಪಾಯದ ಕೆಳಗಿನ ಶೇಲ್ ಬಂಡೆ ಜಾರಿತು. 1943ರ ಅವಸರದ ಸೇತುವೆ. ಮೊದಲೇ ಮುನ್ಸೂಚನೆ ಸಿಕ್ಕಿ ಸಂಚಾರ ನಿಲ್ಲಿಸಿದ್ದರು, ಯಾರೂ ಸಾಯಲಿಲ್ಲ. ಅದೇ ಕಾಲದ ಕಿಸ್ಕಟಿನಾ ಮರದ ಸೇತುವೆ ಮಾತ್ರ ಹಳೆಯ ತುಂಡುರಸ್ತೆಯ ಮೇಲೆ ದಶಕಗಟ್ಟಲೆ ಬಾಳಿತು, ಅದೂ ಬಾಗಿದ ಸೇತುವೆ. 162 ಮೀಟರ್ ಉದ್ದ, 9 ಡಿಗ್ರಿ ತಿರುವು. ಚಳಿಗಾಳಿಯವರು ನೋಡಿದ್ದೀರಾ?

ಚಳಿಗಾಳಿ:

ಇಲ್ಲ ಸರ್, ತಿರುವು ತಪ್ಪಿಸಿಕೊಂಡೆ. ಮತ್ತೆ ಹೋಗುವಾಗ ನೋಡುತ್ತೇನೆ.

ನೋಡಿದ್ದರಲ್ಲಿ ಮನಸ್ಸು ಹಿಡಿದು ನಿಂತದ್ದು ಎರಡು. ಒಂದು, ಫೋರ್ಟ್ ಸೇಂಟ್ ಜಾನ್ ಹತ್ತಿರದ ಚಾರ್ಲಿ ಲೇಕ್. 1942ರ ಮೇ 14ಕ್ಕೆ ಸಾಮಾನು ತುಂಬಿದ ತೆಪ್ಪ ಗಾಳಿಗೆ ಮಗುಚಿ 12 ಸೈನಿಕರು ಹಿಮದಂಥ ನೀರಿನಲ್ಲಿ ಮುಳುಗಿ ಸತ್ತರು. ದಡದಲ್ಲಿದ್ದ ಗಸ್ಟಾಫ್ ಹೆಡಿನ್ ಎಂಬ ತುಪ್ಪಳದ ಬೇಟೆಗಾರ ಸಣ್ಣ ದೋಣಿ ಹುಟ್ಟು ಹಾಕಿಕೊಂಡು ಹೋಗಿ ಮತ್ತೆ ಮತ್ತೆ ತಿರುಗಿ 5 ಜನರನ್ನು ಎಳೆದು ತಂದ. ಸರೋವರ ಎಷ್ಟು ಸಣ್ಣದೆಂದರೆ ಆಚೆ ದಡ ಕಾಣುತ್ತದೆ. ಅದೇ ಹೊಟ್ಟೆ ಕಿವುಚುವುದು.

ಇನ್ನೊಂದು, ವಾಟ್ಸನ್ ಲೇಕ್‌ನ ಫಲಕಗಳ ಕಾಡು. 1942ರಲ್ಲಿ ಕಾರ್ಲ್ ಲಿಂಡ್ಲಿ ಎಂಬ ಸೈನಿಕ ಗಾಯಗೊಂಡು ಹಗುರ ಕೆಲಸಕ್ಕೆ ಬಿದ್ದಿದ್ದ. ದಾರಿಸೂಚಿ ಕಂಬ ರಿಪೇರಿ ಮಾಡು ಅಂದರೆ, ಮನೆ ನೆನಪಾಗಿ ತನ್ನ ಊರು ಇಲಿನಾಯ್‌ನ ಡ್ಯಾನ್‌ವಿಲ್‌ಗೆ ಇಷ್ಟು ಮೈಲಿ ಅಂತ ಒಂದು ಹಲಗೆ ಸೇರಿಸಿದ. ಅದನ್ನು ನೋಡಿ ಇನ್ನೊಬ್ಬ, ಮತ್ತೊಬ್ಬ. ಈಗ 80 ಸಾವಿರಕ್ಕೂ ಹೆಚ್ಚು ಫಲಕ. ಕನ್ನಡದ್ದು ಇದೆಯೇ ಅಂತ ಒಂದು ಗಂಟೆ ಹುಡುಕಿದೆವು, ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮ ಕೈಯಲ್ಲೂ ಏನೂ ಇರಲಿಲ್ಲ. ಮಗಳು ತಿಂಡಿ ಡಬ್ಬಿ ಮುಚ್ಚಳದ ಮೇಲೆ ಬರೆಯೋಣ ಅಂದಳು, ಅವಳಮ್ಮ ಬಿಡಲಿಲ್ಲ.

ಎಂಇಜಿ ಸ್ಯಾಪರ್:

ಮನೆ ನೆನಪಾದ ಜವಾನ ಏನು ಬೇಕಾದರೂ ಬರೆಯುತ್ತಾನೆ. ನಾನೂ ಒಂದು ಸಲ 14 ಸಾವಿರ ಅಡಿ ಎತ್ತರದ ಒಂದು ಬಂಡೆಯ ಮೇಲೆ ಸುಣ್ಣದಲ್ಲಿ "ತುರುವೇಕೆರೆ" ಅಂತ ಬರೆದಿದ್ದೆ. ನಮ್ಮ ಸುಬೇದಾರ್ ಸಾಹೇಬರು ಅಳಿಸಲು ಹೇಳಿ, ಓದಿ, ಆಮೇಲೆ ಬೇಡ ಬಿಡು ಅಂದರು.

ಬೆಣ್ಣೆದೋಸೆ:

ಚಳಿಗಾಳಿ ಬ್ರೋ, ಮುಂದಿನ ಸಲ ಹೋಗೋವಾಗ ಹೇಳಿ. ನಮ್ಮ ಫ್ರೆಂಡ್‌ದು ರೇಡಿಯಂ ಕಟಿಂಗ್ ಅಂಗಡಿ ಇದೆ, ನಮ್ಮ ಹಳದಿ ಮೈಲಿಗಲ್ಲಿನ ಥರಾನೇ ತಗಡಿನಲ್ಲಿ ಮಾಡ್ಸಿ ಕೊರಿಯರ್ ಹಾಕ್ತೀನಿ. ಖರ್ಚು ನಂದು.

ಚಳಿಗಾಳಿ:

ಜುಲೈನಲ್ಲಿ ಹೊರಡುತ್ತೇವೆ, ಮಾಡಿಸಿಬಿಡಿ. "ಹಾಸನ" ಅಂತ ದೊಡ್ಡದಾಗಿ, ಕೆಳಗೆ ಬಾಣದ ಗುರುತು, ಕಿಲೋಮೀಟರು. ಎಷ್ಟು ಅಂತ ಬರೆಸಲಿ, ಪಿಡಬ್ಲ್ಯೂಡಿ ಸರ್?

ಹಳೇ ಪಿಡಬ್ಲ್ಯೂಡಿ:

ಯಾವ ದಾರಿಯಾಗಿ?